ಊರು ದೂರವಿಟ್ಟ ನ್ಯಾಯಾಧೀಶ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ ವೇರಿಂಗ್ ಎಂದರೆ ಎಂಟು ತಲೆಮಾರಿನಿಂದ ಬಾಳಿದ ಮನೆತನ. ಅಪ್ಪ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ಸೇನೆಯಲ್ಲಿದ್ದವರು. 1880ರಲ್ಲಿ ಹುಟ್ಟಿದ ಜೂಲಿಯಸ್ ವೇಟೀಸ್ ವೇರಿಂಗ್ ಲಾ ಕಾಲೇಜಿಗೆ ಹೋದವರಲ್ಲ. ವಕೀಲರ ಕಚೇರಿಯಲ್ಲೇ ಕಾನೂನು ಕಲಿತರು. ನಗರಾಡಳಿತದ ವಕೀಲರಾಗಿದ್ದು, 1942ರಲ್ಲಿ ಫೆಡರಲ್ ನ್ಯಾಯಾಧೀಶರಾದಾಗ ವಯಸ್ಸು 61. ಈ ವಯಸ್ಸಿನಲ್ಲಿ ಮನುಷ್ಯ ಬದಲಾಗುತ್ತಾನೆಂದು ಯಾರು ತಾನೇ ಎಣಿಸುತ್ತಾರೆ?

1946ರ ಫೆಬ್ರುವರಿ. ಸೇನೆಯಿಂದ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ ಸಮವಸ್ತ್ರದಲ್ಲೇ ಬಸ್ ಹತ್ತಿದ್ದರು. ಶೌಚಕ್ಕೆ ಬಸ್ ನಿಲ್ಲಿಸಿ ಎಂದದ್ದಕ್ಕೆ ಚಾಲಕನೊಂದಿಗೆ ಜಗಳವಾಯಿತು. ಬೇಟ್ಸ್‌ಬರ್ಗ್‌ನಲ್ಲಿ ಕೆಳಗಿಳಿಸಿದ ಮೇಲೆ ಪೊಲೀಸ್ ಮುಖ್ಯಸ್ಥ ಹೊಡೆದ ಹೊಡೆತಕ್ಕೆ ಎರಡೂ ಕಣ್ಣು ಹೋದವು. ವಿಚಾರಣೆ ವೇರಿಂಗ್ ಮುಂದೆ ಬಂತು. ಸರ್ಕಾರದ ಕಡೆಯವರು ಕಾಟಾಚಾರಕ್ಕೆ ವಾದಿಸಿದರು. ಬಿಳಿಯರೇ ಇದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಆರೋಪಿಯನ್ನು ಬಿಟ್ಟಿತು. ನೋಡಲು ಬಂದಿದ್ದ ಪತ್ನಿ ಎಲಿಜಬೆತ್ ಅಳುತ್ತಾ ಹೊರನಡೆದರು. ಆಮೇಲೆ ಗಂಡ ಹೆಂಡತಿ ವರ್ಣಭೇದದ ಕುರಿತ ಪುಸ್ತಕಗಳನ್ನು ತಂದು ಓದಲು ಕುಳಿತರು.

1947ರಲ್ಲಿ ಅವರು ಕಪ್ಪು ಜನರಿಗೆ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟರು. ಪಕ್ಷವೆಂದರೆ ಖಾಸಗಿ ಕ್ಲಬ್ ಎಂಬ ವಾದ ನಡೆಯಲಿಲ್ಲ. ಊರಿನ ಬಾಗಿಲುಗಳು ಮುಚ್ಚಿದವು. ಮನೆಗೆ ಕಲ್ಲು ಬಿತ್ತು, ಅಂಗಳದಲ್ಲಿ ಶಿಲುಬೆ ಸುಟ್ಟರು. ಮೊದಲ ಹೆಂಡತಿಗೆ ವಿಚ್ಛೇದನ ಕೊಟ್ಟು ಎಲಿಜಬೆತ್‌ರನ್ನು ಮದುವೆಯಾದಾಗ ಊರು ದೂರವಿಟ್ಟಿತ್ತಲ್ಲ, ಅದರ ಸೇಡು ಇದು ಎಂದು ಆಡಿಕೊಂಡರು. ತಾರೀಕು ನೋಡಿದರೆ ಈ ಮಾತು ನಿಲ್ಲುವುದಿಲ್ಲ: ವಿಚ್ಛೇದನ 1945ರದ್ದು, ಕಪ್ಪು ಶಿಕ್ಷಕರಿಗೆ ಸಮಾನ ವೇತನದ ಆದೇಶ 1944ರದ್ದು.

ನನಗೆ ಹೆಚ್ಚು ಹಿಡಿಸಿದ್ದು ಕ್ಲಾರೆಂಡನ್ ಕೌಂಟಿಯ ಶಾಲಾ ಪ್ರಕರಣ. ಬಿಳಿ ಮಕ್ಕಳಿಗೆ ಬಸ್ಸುಗಳಿದ್ದವು, ಕಪ್ಪು ಮಕ್ಕಳು ಮೈಲುಗಟ್ಟಲೆ ನಡೆಯುತ್ತಿದ್ದರು. ವಕೀಲ ಥರ್ಗುಡ್ ಮಾರ್ಷಲ್ ಸಮಾನ ಸೌಲಭ್ಯ ಕೇಳಿ ಬಂದಿದ್ದರು. ಅಷ್ಟಕ್ಕೇ ನಿಲ್ಲಬೇಡಿ, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸಿ ಎಂದು ವೇರಿಂಗ್ ಅವರನ್ನು ಒತ್ತಾಯಿಸಿದರು. ಹಾಗೆ ಮಾಡಿದರೆ ಮೂವರು ನ್ಯಾಯಾಧೀಶರ ಪೀಠ ಕೂರಬೇಕು; ಉಳಿದಿಬ್ಬರು ಒಪ್ಪುವವರಲ್ಲ. ಆದರೆ ಅಲ್ಲಿಂದ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ! ಅಂದುಕೊಂಡಂತೆ 1951ರಲ್ಲಿ ಎರಡಕ್ಕೆ ಒಂದರಿಂದ ಸೋಲಾಯಿತು. ಬೇರ್ಪಡಿಸುವುದೇ ಅಸಮಾನತೆ ಎಂದು ವೇರಿಂಗ್ ಭಿನ್ನ ತೀರ್ಪು ಬರೆದಿಟ್ಟರು. 1954ರಲ್ಲಿ ಬ್ರೌನ್ ಪ್ರಕರಣದೊಂದಿಗೆ ಇದನ್ನೂ ಸೇರಿಸಿಕೊಂಡ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನೇ ಹೇಳಿದರು.

ಅಷ್ಟರಲ್ಲಿ ಅವರು ನಿವೃತ್ತರಾಗಿ ನ್ಯೂಯಾರ್ಕ್ ಸೇರಿದ್ದರು. 1968ರ ಜನವರಿಯಲ್ಲಿ ತೀರಿಕೊಂಡಾಗ ದೇಹವನ್ನು ಚಾರ್ಲ್ಸ್‌ಟನ್‌ಗೆ ತಂದರು. ಮಣ್ಣಿಗೆ ಬಂದ ಕಪ್ಪು ಜನ ಸುಮಾರು 200. ಬಿಳಿಯರು ಹತ್ತು ಹನ್ನೆರಡು ಮಂದಿ.