ಥಾಮಸ್ ಯಂಗ್: ರಕ್ತನಾಳದ ಬಲವನ್ನು ಲೆಕ್ಕಕ್ಕೆ ತಂದ ವೈದ್ಯ

ಬೆಳಕು ಅಲೆಗಳ ರೂಪದಲ್ಲಿ ಚಲಿಸುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರ ಒದಗಿಸಿದವರು, ಈಜಿಪ್ಟಿನ ರೊಸೆಟ್ಟಾ ಶಾಸನದ ಲಿಪಿ ಬಿಡಿಸಲು ಶ್ರಮಿಸಿದವರು ಎಂದು ಥಾಮಸ್ ಯಂಗ್ ಪ್ರಸಿದ್ಧರು. ಆದರೆ ವೃತ್ತಿಯಿಂದ ಅವರು ವೈದ್ಯರು. ಉಬ್ಬಿದ ಮಹಾಪಧಮನಿ ಒಡೆಯುವ ಅಪಾಯ ಎಷ್ಟೆಂದು ಅಳೆಯಲು ಇಂದು ನಡೆಯುವ ಲೆಕ್ಕಾಚಾರದ ಬೇರುಗಳು ಅವರ ಕೃತಿಗಳಲ್ಲಿವೆ.

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಮಿಲ್ವರ್ಟನ್ನಿನಲ್ಲಿ 1773ರ ಜೂನ್ 13ರಂದು ಕ್ವೇಕರ್ ಪಂಥದ ಕುಟುಂಬವೊಂದರಲ್ಲಿ ಯಂಗ್ ಜನಿಸಿದರು. ಹತ್ತು ಮಕ್ಕಳಲ್ಲಿ ಅವರೇ ಹಿರಿಯರು. ಲಂಡನ್, ಎಡಿನ್‌ಬರೊ ಹಾಗೂ ಜರ್ಮನಿಯ ಗಾಟಿಂಗೆನ್‌ನಲ್ಲಿ ವೈದ್ಯಶಾಸ್ತ್ರ ಅಭ್ಯಸಿಸಿ 1796ರಲ್ಲಿ ಪದವಿ ಪಡೆದರು. 1799ರಲ್ಲಿ ಲಂಡನ್ನಿನಲ್ಲಿ ವೃತ್ತಿ ಆರಂಭಿಸಿದರು. 1801ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕರಾದರು. ಎರಡು ವರ್ಷಗಳ ಬಳಿಕ ವೈದ್ಯವೃತ್ತಿಗೆ ಅಡ್ಡಿಯಾಗಬಾರದೆಂದು ಆ ಹುದ್ದೆ ತೊರೆದರು. 1811ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು.

ಬಾಗಿದ ಮೇಲ್ಮೈಯಲ್ಲಿನ ಎಳೆತಕ್ಕೂ ಒತ್ತಡಕ್ಕೂ ಇರುವ ನಂಟನ್ನು ಅವರು 1805ರಲ್ಲಿ ವಿವರಿಸಿದರು. ಅದೇ ಕಾಲದಲ್ಲಿ ಫ್ರಾನ್ಸಿನ ಲಾಪ್ಲಾಸ್ ಅದಕ್ಕೆ ಗಣಿತದ ರೂಪ ಕೊಟ್ಟರು. ವಸ್ತುಗಳ ಸ್ಥಿತಿಸ್ಥಾಪಕ ಗುಣವನ್ನು ಅಳೆಯುವ ಯಂಗ್ ಅವರ ಪರಿಕಲ್ಪನೆ 1807ರಲ್ಲಿ ಪ್ರಕಟವಾಯಿತು. 1808ರಲ್ಲಿ ರಾಯಲ್ ಸೊಸೈಟಿಯಲ್ಲಿ ಹೃದಯ ಮತ್ತು ಅಪಧಮನಿಗಳನ್ನು ಕುರಿತು ಉಪನ್ಯಾಸ ನೀಡಿ, ನಾಡಿಯ ಅಲೆ ಸಾಗುವ ವೇಗವು ರಕ್ತನಾಳದ ಸ್ಥಿತಿಸ್ಥಾಪಕತ್ವವನ್ನು ಅವಲಂಬಿಸಿದೆ ಎಂದು ತೋರಿದರು.

ಈ ತತ್ತ್ವಗಳ ಮಹತ್ವ ಸರಳ ಲೆಕ್ಕದಿಂದಲೇ ತಿಳಿಯುತ್ತದೆ. ರಕ್ತದೊತ್ತಡ ಬದಲಾಗದೆ ನಾಳದ ವ್ಯಾಸ ಇಮ್ಮಡಿಯಾಗಿ, ಗೋಡೆಯ ದಪ್ಪ ಅರ್ಧಕ್ಕಿಳಿದರೆ, ಗೋಡೆಯ ಪ್ರತಿ ಚದರ ಅಳತೆಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಸುಮಾರು 2 ಸೆಂಟಿಮೀಟರ್ ಇರುವ ಮಹಾಪಧಮನಿಯು ಪುರುಷರಲ್ಲಿ 5.5 ಸೆಂಟಿಮೀಟರ್ ತಲಪಿದಾಗ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತಾರೆ. ಆದರೆ ಅದಕ್ಕಿಂತ ಚಿಕ್ಕ ಉಬ್ಬುಗಳು ಒಡೆದುದುಂಟು, ದೊಡ್ಡವು ಒಡೆಯದೆ ಉಳಿದುದೂ ಉಂಟು. ಆದ್ದರಿಂದ ಎಂಜಿನಿಯರರು ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ ರೋಗಿಯ ನಾಳದ ಮಾದರಿಯನ್ನು ಕಂಪ್ಯೂಟರಿನಲ್ಲಿ ರಚಿಸಿ, ಅದನ್ನು ಸಾವಿರಾರು ಚಿಕ್ಕ ತುಣುಕುಗಳಾಗಿ ವಿಭಜಿಸಿ, ಎಲ್ಲಿ ಎಷ್ಟು ಬಲ ಬೀಳುತ್ತಿದೆ ಎಂದು ಗಣಿಸುತ್ತಾರೆ. ಗೋಡೆಯ ತಾಳಿಕೆಯನ್ನು ಮಾತ್ರ ಅಂದಾಜಿನಿಂದಲೇ ತಿಳಿಯಬೇಕಾಗಿರುವುದರಿಂದ ವ್ಯಾಸವೇ ಇಂದಿಗೂ ಮುಖ್ಯ ಮಾನದಂಡವಾಗಿ ಉಳಿದಿದೆ.

ಯಂಗ್ 1829ರ ಮೇ 10ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ಪದೇ ಪದೇ ಕಾಡಿದ ಉಸಿರಾಟದ ತೊಂದರೆಯನ್ನು ಉಬ್ಬಸವೆಂದೇ ಭಾವಿಸಲಾಗಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಕಂಡುಬಂದದ್ದು ಪೆಡಸುಗಟ್ಟಿದ ಮಹಾಪಧಮನಿ. ರಕ್ತನಾಳದ ಗೋಡೆಯ ಗುಣವನ್ನು ಲೋಕಕ್ಕೆ ವಿವರಿಸಿದ ವೈದ್ಯರಿಗೆ ತಮ್ಮದೇ ನಾಳದ ಸ್ಥಿತಿಯನ್ನು ಬದುಕಿದ್ದಾಗ ಅರಿಯುವ ಸಾಧನ ಆ ಕಾಲದಲ್ಲಿರಲಿಲ್ಲ. ಇಂದು ಅಂಥ ಸಾಧನಗಳಿವೆ. ಅವು ತೋರುವ ಚಿತ್ರದಿಂದ ಅಪಾಯವನ್ನು ಗಣಿಸುವ ದಾರಿಯಲ್ಲಿ ಯಂಗ್ ಅವರ ಹೆಜ್ಜೆಗುರುತುಗಳಿವೆ.