ಅವಮಾನಿತರು ಸರಿ, ಅವಮಾನಿಸಿದ್ದು ಯಾರು?

ದಾಸ್ತೊಯೆವ್ಸ್ಕಿಯನ್ನು ನಾನು ಹಿಡಿದದ್ದು ಕಥೆಗಾಗಿ, ಸಿಕ್ಕಿಬಿದ್ದದ್ದು ವ್ಯಾಕರಣದಲ್ಲಿ. 1861ರಲ್ಲಿ ಬಂದ ಆತನ ಕಾದಂಬರಿಯ ಹೆಸರು 'ಉನೀಝೆನ್ನಿಯೆ ಇ ಅಸ್ಕರ್ಬ್ಲ್ಯೋನ್ನಿಯೆ'. ಅಂದರೆ ತುಳಿತಕ್ಕೊಳಗಾದವರು ಮತ್ತು ಅವಮಾನಿತರು. ಎರಡೂ ಕ್ರಿಯಾಪದದಿಂದ ಹುಟ್ಟಿದ ಕೃದಂತಗಳು. ನಾವು 'ನೊಂದ' ಅನ್ನೋದಕ್ಕೆ 'ಅವರು' ಸೇರಿಸಿ 'ನೊಂದವರು' ಅಂತೀವಿ. ರಷ್ಯನ್ನಿಗೆ ಅದೂ ಬೇಡ. ಲಿಂಗ, ವಚನ, ವಿಭಕ್ತಿ ಎಲ್ಲ ಕೃದಂತಕ್ಕೇ ಅಂಟಿರುತ್ತೆ. ಪಕ್ಕದ ನಾಮಪದ ಬಿಟ್ಟರೆ ಅದೇ ಮನುಷ್ಯನಾಗಿ ನಿಲ್ಲುತ್ತೆ. ಆ ಗಡಿಬಿಡಿಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬನೂ ಜಾರಿಕೊಳ್ತಾನೆ: ಕರ್ತೃ. ಯಾರಿಂದ ಅವಮಾನಿತರು? ಪದ ಹೇಳಲ್ಲ.

ಇಂಥ ಪದಗಳು ಆತನ ಮೈಮೇಲೇ ಬಿದ್ದಿದ್ದವು. 1821ರಲ್ಲಿ ಮಾಸ್ಕೋದ ಬಡವರ ಆಸ್ಪತ್ರೆಯ ವೈದ್ಯರ ಮಗನಾಗಿ ಹುಟ್ಟಿದ ಹುಡುಗ, 24ಕ್ಕೇ ಹೆಸರಾದ ಲೇಖಕ. 1849ರಲ್ಲಿ ಪೆತ್ರಾಶೆವ್ಸ್ಕಿ ಗುಂಪಿನ ಜೊತೆ ಬಂಧನ. ಮುಖ್ಯ ಆರೋಪ? ಗೊಗೊಲ್‌ಗೆ ಬೆಲಿನ್ಸ್ಕಿ ಬರೆದ ನಿಷೇಧಿತ ಪತ್ರವನ್ನು ಗೆಳೆಯರೆದುರು ಓದಿದ್ದು. ಅಷ್ಟಕ್ಕೆ ಮರಣದಂಡನೆ! ಹಳೆ ಪಂಚಾಂಗದ ಡಿಸೆಂಬರ್ 22ರಂದು ಪೀಟರ್ಸ್‌ಬರ್ಗ್‌ನ ಸೆಮ್ಯೊನೊವ್ ಮೈದಾನದಲ್ಲಿ ಮೊದಲ ಮೂವರನ್ನು ಕಂಬಕ್ಕೆ ಕಟ್ಟಿದರು. ಈತ ಮುಂದಿನ ಮೂವರಲ್ಲಿ. ಬಂದೂಕು ಗುರಿಯಿಟ್ಟ ಮೇಲೆ ಶಿಕ್ಷೆ ಇಳಿಸಿದ ಆದೇಶ ಓದಲಾಯಿತು. ತ್ಸಾರ್ ಒಂದನೇ ನಿಕೊಲಸ್ ಮೊದಲೇ ಬರೆದಿಟ್ಟ ನಾಟಕ ಅದು. ಆಮೇಲೆ 4 ವರ್ಷ ಓಮ್ಸ್ಕ್‌ನಲ್ಲಿ ಕಾಲಿಗೆ ಸಂಕೋಲೆ, ನಂತರ ಸೆಮಿಪಲಾತಿನ್ಸ್ಕ್‌ನಲ್ಲಿ ಸಿಪಾಯಿಗಿರಿ. ಶಿಕ್ಷೆಗೊಳಗಾದವ, ಸೆರೆಯಾದವ: ರಷ್ಯನ್ನಿನಲ್ಲಿ ಇವೂ ನಾಮಪದವಾದ ಕೃದಂತಗಳೇ.

ಪೀಟರ್ಸ್‌ಬರ್ಗ್‌ಗೆ ವಾಪಸಾಗಿದ್ದು 1859ರ ಕೊನೆಗೆ. ಮರುವರ್ಷದ ಮರುವರ್ಷ ಈ ಕಾದಂಬರಿ. ಶೀರ್ಷಿಕೆ ಮುಚ್ಚಿಟ್ಟ ಕರ್ತೃವನ್ನು ಕಥೆ ಎಳೆದು ತರುತ್ತೆ: ತನ್ನ ಜಮೀನು ನೋಡಿಕೊಂಡವನನ್ನೇ ಕೋರ್ಟಿಗೆಳೆದು ಮುಳುಗಿಸುವ, ಹೆಂಡತಿ ಮಗಳನ್ನು ಬೀದಿಗೆ ತಳ್ಳುವ ಪ್ರಿನ್ಸ್ ವಲ್ಕೊವ್ಸ್ಕಿ. ಕೊನೆಗೂ ಅವನಿಗೇನೂ ಆಗಲ್ಲ. ನನಗೆ ಇದೇ ಕಾದಂಬರಿಯ ಅತ್ಯಂತ ನಿಜವಾದ ಭಾಗ ಅನಿಸಿದೆ.

ನಮ್ಮ ಶೋಷಿತ, ವಂಚಿತ, ದಲಿತ ಪದಗಳೂ ಸಂಸ್ಕೃತದ ಕೃದಂತಗಳೇ. ದಲಿತ ಅನ್ನೋದನ್ನು ಚಳವಳಿ ತಾನೇ ಆರಿಸಿಕೊಂಡು ತುಳಿದವರ ಮುಖಕ್ಕೆ ಹಿಡಿಯಿತು. ಅದು ಬೇರೆ ಲೆಕ್ಕ. ಉಳಿದೆರಡು ಪದ ವೇದಿಕೆಯಿಂದ ಬಂದಾಗ ಮಾತ್ರ ಶೋಷಿಸಿದವರು ಯಾರಂತ ಹುಡುಕ್ತಾ ಕೂರ್ತೀನಿ.

ದಾಸ್ತೊಯೆವ್ಸ್ಕಿಯನ್ನು ಹೊತ್ತು ಮೆರೆಸೋಕೂ ನನಗಾಗಲ್ಲ. ಮುಂದೆ ಆತ ಸಿಂಹಾಸನದ ಪರ ನಿಂತ. 1877ರಲ್ಲಿ ತನ್ನ 'ಲೇಖಕನ ದಿನಚರಿ'ಯಲ್ಲಿ ಯಹೂದಿಗಳ ವಿರುದ್ಧ ಬರೆದ. ಅಲ್ಲಿ ಅವಮಾನಿಸಿದ ಕರ್ತೃ ಯಾರಂತ ಹುಡುಕಬೇಕಿಲ್ಲ. 1881ರಲ್ಲಿ ತೀರಿಕೊಂಡಾಗ, ಒಮ್ಮೆ ಬಂದೂಕಿನ ಮುಂದೆ ನಿಲ್ಲಿಸಿದ್ದ ಅದೇ ಸರ್ಕಾರ ಆತನ ಹೆಂಡತಿಗೆ ಪಿಂಚಣಿ ಕೊಟ್ಟಿತು.