ಅಥಣಿಯ ದ್ರಾಕ್ಷಿಗೆ ಟೆಕ್ಸಾಸ್‌ನ ಬೇರು: ಟಿ.ವಿ. ಮನ್ಸನ್

ಬೆಳಗಾವಿ: ಬೇಸಿಗೆಯ ಆರಂಭದಲ್ಲಿ ಹಿಂದವಾಡಿಯ ಹಣ್ಣಿನಂಗಡಿಗಳಲ್ಲಿ ದ್ರಾಕ್ಷಿ ಗೊಂಚಲುಗಳನ್ನು ಕಾಣುವವರಿಗೆ ಅದರ ಬೇರು ಕಾಣುವುದಿಲ್ಲ. ಅಥಣಿ, ವಿಜಯಪುರ ಸೀಮೆಯ ಎಷ್ಟೋ ತೋಟಗಳಲ್ಲಿ ಬಳ್ಳಿ ನಿಂತಿರುವುದು ಸ್ವಂತ ಬೇರಿನ ಮೇಲಲ್ಲ. ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ಕಾಡುದ್ರಾಕ್ಷಿಯ ಬೇರಿನ ಮೇಲೆ. ರೈತರು ‘ಡಾಗ್‌ರಿಜ್’ ಎಂದು ಕರೆಯುವ ಆ ಬೇರುಗಿಡವನ್ನು ಕಾಡಿನಿಂದ ಆರಿಸಿ ಕೃಷಿಗೆ ತಂದವರು ಥಾಮಸ್ ವೋಲ್ನಿ ಮನ್ಸನ್.

ಮನ್ಸನ್ ಜನಿಸಿದ್ದು 1843ರ ಸೆಪ್ಟೆಂಬರ್ 26ರಂದು, ಇಲಿನಾಯ್ ಪ್ರಾಂತ್ಯದ ಕೃಷಿಕ ಕುಟುಂಬದಲ್ಲಿ. ಕೆಂಟಕಿಯ ಕಾಲೇಜಿನಲ್ಲಿ ಓದುವಾಗ ಪ್ರಾಧ್ಯಾಪಕರೊಬ್ಬರ ತೋಟದ ಬಳ್ಳಿಗಳು ಅವರನ್ನು ಸೆಳೆದವು. 1870ರಲ್ಲಿ ಪದವಿ ಪಡೆದ ಅವರು 1873ರಲ್ಲಿ ನೆಬ್ರಾಸ್ಕಾದ ಲಿಂಕನ್ ಪಟ್ಟಣಕ್ಕೆ ತೆರಳಿ ದ್ರಾಕ್ಷಿ ಬೆಳೆಯಲು ಯತ್ನಿಸಿದರು. ಚಳಿ, ಬರ ಮತ್ತು ಮಿಡತೆಗಳ ದಾಳಿಗೆ ಆ ಪ್ರಯತ್ನ ನೆಲಕಚ್ಚಿತು. 1876ರಲ್ಲಿ ಟೆಕ್ಸಾಸ್‌ನ ಡೆನಿಸನ್‌ಗೆ ಬಂದಾಗ ರೆಡ್ ನದಿಯ ದಂಡೆಯ ಕಾಡಿನಲ್ಲಿ ಹಲವು ಬಗೆಯ ದ್ರಾಕ್ಷಿ ತಾನೇ ತಾನಾಗಿ ಹಬ್ಬಿತ್ತು. ಮುಂದಿನ ಜೀವನವೆಲ್ಲ ಅಲ್ಲಿಯೇ ಕಳೆಯಿತು. ರೈಲಿನಲ್ಲಿ, ಕುದುರೆಯ ಮೇಲೆ ಸಾವಿರಾರು ಮೈಲಿ ಸಂಚರಿಸಿ ಅವರು ಕಾಡುಬಳ್ಳಿಗಳನ್ನು ಸಂಗ್ರಹಿಸಿದರು.

ಅದೇ ಕಾಲಕ್ಕೆ ಫ್ರಾನ್ಸ್‌ನ ವೈನ್ ತೋಟಗಳು ಒಣಗುತ್ತಿದ್ದವು. ಅಮೆರಿಕದಿಂದ ಹೋದ ಫಿಲಾಕ್ಸೆರಾ ಎಂಬ ಕೀಟ ಬೇರಿನ ರಸ ಹೀರಿ ಬಳ್ಳಿಯನ್ನು ಕೊಲ್ಲುತ್ತಿತ್ತು. ಅಮೆರಿಕದ ಕಾಡುದ್ರಾಕ್ಷಿಗಳಿಗೆ ಅದನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಅವುಗಳ ಬೇರಿಗೆ ಫ್ರೆಂಚ್ ತಳಿಗಳ ಕಸಿ ಕಟ್ಟುವುದೇ ಪರಿಹಾರವಾಯಿತು. ಆದರೆ ಕೊನ್ಯಾಕ್ ಪ್ರದೇಶದ ಸುಣ್ಣದ ನೆಲದಲ್ಲಿ ಮೊದಲು ತಂದ ಬೇರುಗಳು ಎಲೆ ಹಳದಿಯಾಗಿ ಸೊರಗಿದವು. 1887ರಲ್ಲಿ ಫ್ರಾನ್ಸ್ ಕಳುಹಿಸಿದ ವಿಜ್ಞಾನಿ ಪಿಯೆರ್ ವಿಯಾಲಾ ಅವರಿಗೆ ಮನ್ಸನ್ ನೆರವಾದರು. ಟೆಕ್ಸಾಸ್‌ನ ಸುಣ್ಣದ ಗುಡ್ಡಗಳಲ್ಲಿ ಬೆಳೆಯುವ ಬರ್ಲಾಂಡಿಯೇರಿ ಜಾತಿಯ ಬಳ್ಳಿ ಅಂಥ ನೆಲಕ್ಕೆ ಹೊಂದುವುದೆಂದು ಕಂಡುಬಂದಿತು. ಮರುವರ್ಷ ಫ್ರಾನ್ಸ್ ಸರ್ಕಾರ ಮನ್ಸನ್ ಅವರಿಗೆ ಗೌರವ ಪುರಸ್ಕಾರ ನೀಡಿತು.

ಮನ್ಸನ್ ಅವರ ಆಸೆ ಮಾತ್ರ ಹಣ್ಣಿನ ಮೇಲಿತ್ತು. ಕಾಡುಬಳ್ಳಿಯ ಗಟ್ಟಿತನವನ್ನು ನಾಡಬಳ್ಳಿಯ ರುಚಿಯೊಂದಿಗೆ ಬೆಸೆದು ಅವರು ಸುಮಾರು 300 ತಳಿಗಳನ್ನು ರೂಪಿಸಿದರು. 1920ರಲ್ಲಿ ಅಮೆರಿಕದಾದ್ಯಂತ ಜಾರಿಗೆ ಬಂದ ಪಾನನಿಷೇಧದ ನಂತರ ವೈನ್ ಕೃಷಿ ಕುಸಿದು, ಅವುಗಳಲ್ಲಿ ಹಲವು ಕಣ್ಮರೆಯಾದವು. ‘ಬೇಲಿ’ ಎಂಬ ತಳಿ ಜಪಾನಿನಲ್ಲಿ ಮರುಜನ್ಮ ಪಡೆಯಿತು. ಅಲ್ಲಿನ ಜೆನ್‌ಬೆ ಕವಾಕಾಮಿ 1927ರಲ್ಲಿ ಅದನ್ನು ಮಸ್ಕಟ್ ಹ್ಯಾಂಬರ್ಗ್‌ನೊಂದಿಗೆ ಸಂಕರಿಸಿ ಪಡೆದ ‘ಮಸ್ಕಟ್ ಬೇಲಿ ಎ’ ಇಂದು ಜಪಾನಿನ ಪ್ರಮುಖ ಕೆಂಪು ವೈನ್ ದ್ರಾಕ್ಷಿ.

ಡಾಗ್‌ರಿಜ್ ದೊರೆತದ್ದು ಟೆಕ್ಸಾಸ್‌ನ ಬೆಲ್ ಕೌಂಟಿಯಲ್ಲಿ. ಅಲ್ಲಿನ ಸ್ಥಳದ ಹೆಸರೇ ಅದಕ್ಕೆ ಉಳಿಯಿತು. ಬರ, ಲವಣಾಂಶ ಹಾಗೂ ಬೇರಿನ ಜಂತುಹುಳುಗಳನ್ನು ಅದು ತಾಳಿಕೊಳ್ಳಬಲ್ಲದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ದ್ರಾಕ್ಷಿಗೆ ಶಿಫಾರಸು ಮಾಡಿತು. ಉತ್ತರ ಕರ್ನಾಟಕದ ಸವಳು ನೀರು, ಕಡಿಮೆ ಮಳೆಯ ಸೀಮೆಗೆ ಇದು ಹೇಳಿ ಮಾಡಿಸಿದಂತಿತ್ತು. ಫೆಬ್ರುವರಿ–ಮಾರ್ಚ್‌ನಲ್ಲಿ ಬೇರುಗಿಡ ನೆಟ್ಟು, ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ ಬೇಕಾದ ತಳಿಯ ಕಡ್ಡಿಯನ್ನು ಕಸಿ ಕಟ್ಟುವುದು ವಾಡಿಕೆ. ಅನಂತರ ಏಪ್ರಿಲ್ ಮತ್ತು ಅಕ್ಟೋಬರ್‌ನ ಎರಡು ಚಾಟ್ನಿಗಳು ಬಳ್ಳಿಯ ವರ್ಷಚಕ್ರವನ್ನು ನಡೆಸುತ್ತವೆ.

ಈ ಬೇರಿಗೆ ದೋಷವೂ ಉಂಟು. ಅದರ ಅತಿಯಾದ ಹುರುಪಿನಿಂದ ಎಲೆ ದಟ್ಟವಾಗಿ ನೆರಳು ಕವಿಯುತ್ತದೆ. ಕಡ್ಡಿಗಳು ಫಲ ಕಟ್ಟುವುದು ತಗ್ಗುತ್ತದೆ. ಸಿಪ್ಪೆಯ ಬಣ್ಣವೇ ಬಂಡವಾಳವಾಗಿರುವ ಕೆಂಪು ವೈನ್ ತಳಿಗಳಿಗೆ ಇದು ತೊಡಕು. ಆದ್ದರಿಂದ ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್‌ನಂಥ ತಳಿಗಳಿಗೆ ಭಾರತದಲ್ಲಿ ‘110 ಆರ್’ ಎಂಬ ಬೇರುಗಿಡ ಬಳಕೆಗೆ ಬಂದಿದೆ. ಬರ್ಲಾಂಡಿಯೇರಿ ಹಾಗೂ ರುಪೆಸ್ಟ್ರಿಸ್ ಜಾತಿಗಳ ಸಂಕರವಾದ ಅದರಲ್ಲಿಯೂ ಮನ್ಸನ್ ಅರಸಿ ಅಲೆದ ಕಾಡುಬಳ್ಳಿಗಳ ಬಳಗವೇ ಇದೆ.

1909ರಲ್ಲಿ ತಮ್ಮ ಅನುಭವವನ್ನೆಲ್ಲ ಗ್ರಂಥವಾಗಿ ಪ್ರಕಟಿಸಿದ ಮನ್ಸನ್, 1913ರ ಜನವರಿ 21ರಂದು ಡೆನಿಸನ್‌ನಲ್ಲಿ ನಿಧನರಾದರು. ಉಳಿದ ತಳಿಗಳನ್ನು ಅದೇ ಊರಿನ ಕಾಲೇಜೊಂದು ಸ್ಮಾರಕ ತೋಟದಲ್ಲಿ ಕಾಪಾಡುತ್ತಿದೆ. ಅವರು ಹೆಸರಿಟ್ಟು ಬೆಳೆಸಿದ ಹಣ್ಣುಗಳು ಅಲ್ಲಿ ಸಂಗ್ರಹವಾಗಿ ಉಳಿದಿವೆ. ಕಾಡಿನಲ್ಲಿ ಕಂಡು ಆರಿಸಿದ ಬೇರು ಅಥಣಿಯ ರೈತನ ಹೊಲದಲ್ಲಿ ದಿನವೂ ದುಡಿಯುತ್ತಿದೆ.